ಮಂದೆಯಲ್ಲಿ ಮೇಲಾದದ್ದು

ನನ್ನ ಬಲ ಮಂಡಿ ಹೋದದ್ದು ಹೊಸದುರ್ಗದ ಒಂದು ಕಬಡ್ಡಿ ಟೂರ್ನಮೆಂಟಿನಲ್ಲಿ. ನಾನು ಬಲಗಡೆ ಕಾರ್ನರ್ ಆಡುತ್ತಿದ್ದೆ. ರೈಡ್ ಬಂದವನ ಕಣಕಾಲು ಹಿಡಿದು ಎಳೆದೆ. ಅವನ ಮೇಲೆ ನಮ್ಮವರೇ ಬಿದ್ದರು. ಅವರೆಲ್ಲರ ಕೆಳಗೆ ನನ್ನ ಕಾಲು ಅಡ್ಡ ತಿರುಗಿಕೊಂಡಿತ್ತು. ಒಳಗೆ ಏನೋ ಹರಿದ ಹಾಗಾಯಿತು, ಸದ್ದೂ ಕೇಳಿಸಿತು. ಎದ್ದು ನಿಲ್ಲಲು ಹೋದರೆ ಮಂಡಿ ಪಕ್ಕಕ್ಕೆ ಜಾರಿತು. ಪಾಯಿಂಟ್ ಮಾತ್ರ ನಮಗೇ ಬಂತು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಲಿಗಮೆಂಟ್ ಪೂರ್ತಿ ಹರಿದಿದೆ ಅಂದರು. ನನ್ನ ತೊಡೆಯಿಂದಲೇ ಒಂದು ನರದ ತುಂಡು ತೆಗೆದು ಮಂಡಿಯೊಳಗೆ ಕೂರಿಸಿದರು. ನಾನು ಒಳಗೆ ಮಲಗಿದ್ದಾಗ ಹೊರಗೆ ಬೆಂಚಿನ ಮೇಲೆ ಕುಳಿತು ಅವ್ವ ಮನೆದೇವರಿಗೆ ಹರಕೆ ಹೊತ್ತಳು. ಪಕ್ಕದಲ್ಲಿ ಅಣ್ಣ ಇದ್ದ. ಹರಕೆಯನ್ನು ಬಾಯಿ ಬಿಟ್ಟು, ಇನ್ನೊಬ್ಬರ ಕಿವಿಗೆ ಬೀಳುವ ಹಾಗೆ ಹೇಳಬೇಕು, ಮನಸ್ಸಿನಲ್ಲಿ ಅಂದುಕೊಂಡರೆ ಲೆಕ್ಕಕ್ಕಿಲ್ಲ ಅನ್ನುವುದು ನಮ್ಮಲ್ಲಿ ಮೊದಲಿಂದ ನಡೆದು ಬಂದದ್ದು. ಅದಕ್ಕೇ ಅವ್ವ ಜೋರಾಗಿ ಹೇಳಿದಳಂತೆ.

"ನನ್ ಮಗ ಮತ್ತೆ ಕಬಡ್ಡಿ ಆಡಿದ್ ದಿನ ಮಂದೇಲಿ ಮೇಲಾದದ್ದನ್ನ ನಿನಗೆ ಕೊಡ್ತೀನಿ ತಾಯಿ."

ಅಲ್ಲೇ ತಪ್ಪಾಯಿತು. ಒಂದು ಟಗರು ಕೊಡುತ್ತೇನೆ ಅಂದಿದ್ದರೆ ಯಾವುದನ್ನಾದರೂ ಕೊಡಬಹುದಿತ್ತು. ಮೇಲಾದದ್ದು ಅಂದುಬಿಟ್ಟಳು. ನಮ್ಮ ಮಂದೆಯಲ್ಲಿ ಮೇಲಾದದ್ದು ಯಾವುದು ಅನ್ನುವುದು ಊರಿಗೇ ಗೊತ್ತು. ಅದು ಅಣ್ಣನ ಬೀಜದ ಟಗರು.

ರಾಮಗಿರಿ ಗುಡ್ಡ ಕಾಣುವ ಒಂದು ಹಳ್ಳಿ ನಮ್ಮದು. ಕುರಿ ಸಾಕುವ ಮನೆ. ಅಪ್ಪ ತೀರಿಕೊಂಡ ಮೇಲೆ ಮಂದೆಯನ್ನು ಅಣ್ಣನೇ ನೋಡಿಕೊಂಡ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟರೂ ಕುರಿ ಹಿಂದೆ ಹೋಗಲಿಲ್ಲ. ಹೊಳಲ್ಕೆರೆಯಲ್ಲಿ ಒಂದು ಸಿಮೆಂಟ್ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದೆ, ಸಂಜೆ ಕಬಡ್ಡಿ ಆಡುತ್ತಿದ್ದೆ. ಅಣ್ಣ ಅದಕ್ಕೆ ಒಂದು ದಿನವೂ ಏನೂ ಅಂದವನಲ್ಲ. ಅವನ ಧ್ಯಾನವೆಲ್ಲ ಮಂದೆಯ ಮೇಲೆ. ಬೇರೆಯವರ ಕುರಿಗಳು ಮಳೆಗಾಲದಲ್ಲಿ ಗೊರಸು ಕೊಳೆತು ಕುಂಟುತ್ತಿದ್ದವು. ಕಾಲು ಗಟ್ಟಿ ಇರುವ ತಳಿ ಬೇಕು ಅಂತ ಅಣ್ಣ ವರ್ಷಗಟ್ಟಲೆ ಆರಿಸಿ ಆರಿಸಿ ಮರಿ ಉಳಿಸಿಕೊಂಡು ಬಂದಿದ್ದ. ಮಿಕ್ಕ ಗಂಡುಮರಿಗಳನ್ನೆಲ್ಲ ಮಾರಿ, ಒಂದನ್ನು ಮಾತ್ರ ಉಳಿಸಿಕೊಂಡಿದ್ದ. ಕಪ್ಪು ಮೈ, ಅಗಲ ಎದೆ, ನಾಲ್ಕು ಕಾಲೂ ನೆಟ್ಟ ಗೂಟದ ಹಾಗೆ. ಅದರ ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ನಿಲ್ಲುತ್ತಿದ್ದವು. ಅಣ್ಣ ಯಾರ ಹತ್ತಿರವೂ ಹೆಚ್ಚು ಮಾತಾಡುವವನಲ್ಲ. ಆ ಟಗರಿನ ವಿಷಯ ಎತ್ತಿದರೆ ಮಾತಾಡುತ್ತಿದ್ದ.

ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ನನ್ನ ಕಾಲನ್ನು ಅಣ್ಣ ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಎಷ್ಟೋ ಹೊತ್ತಾದ ಮೇಲೆ ಅವ್ವನ ಕಡೆ ತಿರುಗಿ ಕೇಳಿದ.

"ಅವ್ವ, ಒಂದ್ ಟಗರು ಅಂದಿದ್ರೆ ಸಾಕಿತ್ತಲ್ಲ."

"ನನ್ ಬಾಯಿಗೆ ಅದೇ ಬಂತು ಕಣಪ್ಪ. ಒಳಗೆ ಮಗ ಮಲಗಿದ್ದ. ಆವಾಗ ಚೌಕಾಸಿ ಮಾಡ್ಲಾ?"

"ಚೌಕಾಸಿ ಅಲ್ಲ."

"ಮತ್ತೇನು?"

"ಏನಿಲ್ಲ ಬಿಡು."

ಆ ವಿಷಯ ಮನೆಯಲ್ಲಿ ಮತ್ತೆ ಬರಲಿಲ್ಲ. ಅವ್ವ ಟಗರಿನ ಕೊಂಬಿಗೆ ಅರಿಶಿಣದ ಬಟ್ಟೆ ಕಟ್ಟಿದಳು. ಕಟ್ಟಿದ ಮೇಲೆ ಅದನ್ನು ಮಾರುವ ಹಾಗಿಲ್ಲ, ಬದಲಾಯಿಸುವ ಹಾಗಿಲ್ಲ. ಆದರೆ ಹರಕೆ ತೀರುವವರೆಗೆ ಮಂದೆಯಲ್ಲಿ ಇರಬಹುದು. ಬೀಜಕ್ಕೂ ಬಿಡಬಹುದು. ಅದು ನಾನು ಮತ್ತೆ ಅಂಕಣಕ್ಕೆ ಇಳಿಯುವ ದಿನದವರೆಗೆ. ನಾನು ವಾಸಿಯಾಗುವುದು ಎಷ್ಟು ನಿಧಾನವೋ ಅಷ್ಟು ದಿನ ಅದು ಅಣ್ಣನದು.

ಇದು ನನಗೆ ಆಗಲೇ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ನನಗೆ ನನ್ನ ಮಂಡಿಯೇ ದೊಡ್ಡದಾಗಿತ್ತು.

ಮನೆಯಲ್ಲಿ ಕೆಲವು ತಿಂಗಳು ಬಿದ್ದುಕೊಂಡಿದ್ದು ಆಮೇಲೆ ಹೊಳಲ್ಕೆರೆಯ ಜಿಮ್ಮಿಗೆ ಸೇರಿದೆ. ಜಿಮ್ ಅಂದರೆ ಗಾಜಿನ ಬಾಗಿಲು, ಏಸಿ ಅದೆಲ್ಲ ಅಲ್ಲ. ಓಣಿಯವರು ಸೇರಿ ಮಾಡಿಕೊಂಡದ್ದು. ಶೇಂಗಾ ಮೂಟೆ ಇಡುತ್ತಿದ್ದ ಹಳೇ ಗೋಡೌನ್. ಮೂಲೆ ಕೆದಕಿದರೆ ಇನ್ನೂ ಶೇಂಗಾ ಸಿಪ್ಪೆ ಬರುತ್ತದೆ. ಬೆಳಿಗ್ಗೆ ಹೆಂಗಸರಿಗೆ, ಸಂಜೆ ಗಂಡಸರಿಗೆ. ಪೊಲೀಸ್ ಪರೀಕ್ಷೆಗೆ ಓಡುವ ಹುಡುಗರು, ಹಮಾಲರು, ಬಿಪಿ ಬಂದ ಒಬ್ಬ ರಿಟೈರ್ಡ್ ಮೇಷ್ಟ್ರು, ಎಲ್ಲರೂ ಬರುತ್ತಾರೆ. ಕಬ್ಬಿಣದ ಸ್ಟ್ಯಾಂಡು, ಬೆಂಚು, ಎಳೆಯುವ ರಾಟೆ ಎಲ್ಲವನ್ನೂ ಬೆಸುಗೆ ಹಾಕಿ ಮಾಡಿದವರು ಪಕ್ಕದ ವೆಲ್ಡಿಂಗ್ ಅಂಗಡಿಯ ಭಾಯ್. ಅವರ ಮನೆಯವರು ತಾತ ಮುತ್ತಾತನ ಕಾಲದಿಂದ ಇದೇ ಊರಿನಲ್ಲಿ ಕಬ್ಬಿಣದ ಕೆಲಸ ಮಾಡಿಕೊಂಡು ಬಂದವರು. ಭಾಯ್ ಒಂದು ಕಾಲದಲ್ಲಿ ಭಾರ ಎತ್ತುವ ಸ್ಪರ್ಧೆಗೆ ಹೋಗುತ್ತಿದ್ದರಂತೆ. ಈಗ ಹೊಟ್ಟೆ ಬಂದಿದೆ. ಸಂಜೆ ಅಂಗಡಿ ಮುಚ್ಚಿ ಬಂದು ನಮಗೆ ಹೇಳಿಕೊಡುತ್ತಾರೆ.

ಮೊದಲ ದಿನ ನಾನು ಕುಂಟಿಕೊಂಡು ಒಳಗೆ ಹೋದಾಗ ಅವರು ನನ್ನ ಎರಡೂ ತೊಡೆಗಳನ್ನು ಕೈಯಲ್ಲಿ ಹಿಡಿದು ನೋಡಿದರು. ಬಲತೊಡೆ ಇಳಿದುಹೋಗಿತ್ತು.

"ಇದು ಯಾರ್ದಪ್ಪ ಕಾಲು? ನಿಂದಂತೂ ಅಲ್ಲ."

"ನಂದೇ ಭಾಯ್."

"ನಿಂದಾಗಕ್ಕೆ ಇನ್ನೂ ಟೈಮ್ ಐತೆ. ಡಾಕ್ಟ್ರು ಏನ್ ಹೇಳ್ಯಾರೆ?"

ಡಾಕ್ಟರು ತೋರಿಸಿಕೊಟ್ಟದ್ದನ್ನು ಹೇಳಿದೆ. ಅದನ್ನೇ ಮಾಡಿಸಿದರು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮಂಡಿ ಕೆಳಗೆ ಟವೆಲ್ ಸುತ್ತಿ ಇಟ್ಟು ತೊಡೆ ಬಿಗಿ ಹಿಡಿಯುವುದು. ಬಿಡುವುದು. ಮತ್ತೆ ಹಿಡಿಯುವುದು. ಪಕ್ಕದಲ್ಲಿ ಹುಡುಗರು ದಬದಬ ಭಾರ ಎತ್ತಿ ಇಳಿಸುತ್ತಿದ್ದರೆ ನಾನು ಚಾಪೆಯ ಮೇಲೆ ಮಲಗಿ ಟವೆಲ್ ಒತ್ತುತ್ತಿದ್ದೆ. ಮೇಷ್ಟ್ರು ನನ್ನನ್ನು ನೋಡಿ, "ಇದಕ್ಕೆ ಜಿಮ್ ಯಾಕೋ ಬೇಕು, ಮನೇಲಿ ದಿಂಬು ಇಲ್ವಾ?" ಅಂದರು.

ಅದಾದ ಮೇಲೆ ಇಟ್ಟಿಗೆ. ಭಾಯ್ ಗೋಡೆ ಪಕ್ಕ ಸೊಂಟದೆತ್ತರ ಇಟ್ಟಿಗೆ ಜೋಡಿಸಿದರು, ಮೇಲೆ ಗೋಣಿಚೀಲ ಹಾಸಿದರು. ಅದರ ಮೇಲೆ ಕೂರಬೇಕು, ಕೈ ಎಲ್ಲೂ ಊರದೆ ಏಳಬೇಕು. ನಡುಗದೆ ಎದ್ದರೆ ಒಂದು ಸಾಲು ಇಟ್ಟಿಗೆ ತೆಗೆಯುತ್ತಿದ್ದರು. ನಡುಗಿದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ಒಂದೊಂದು ಸಾಲಿಗೆ ವಾರಗಟ್ಟಲೆ ಹಿಡಿಯುತ್ತಿತ್ತು. ಕೆಲವು ಸಲ ತೆಗೆದ ಸಾಲನ್ನು ವಾಪಸ್ ಇಡುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು.

"ಭಾಯ್, ನಾನೇನು ಮುದುಕನಾ?"

"ಮುದುಕ್ರು ನಿನಗಿಂತ ಚೆನ್ನಾಗಿ ಕೂರ್ತಾರೆ. ಮೇಷ್ಟ್ರನ್ನ ನೋಡು."

ಹರಕೆಯ ವಿಷಯ ಜಿಮ್ಮಿಗೆ ಹೇಗೋ ಬಂತು. ನಾನೇ ಹೇಳಿರಬೇಕು. ಅಂದಿನಿಂದ ನನ್ನ ಮಂಡಿ ಎಲ್ಲರ ಮಂಡಿಯಾಯಿತು. ಇಟ್ಟಿಗೆ ಒಂದು ಸಾಲು ಇಳಿದರೆ ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು.

"ಲೇ, ಇನ್ನೆಷ್ಟು ಸಾಲು ಐತೋ? ಹೊಟ್ಟೆ ಕಾಯ್ಕಂಡ್ ಕುಂತೀವಿ."

"ಮಂಡಿ ಇವ್ನದು, ಮಟನ್ ನಮ್ದು."

"ಅದು ಎಷ್ಟು ತೂಗ್ತೈತಪ್ಪ ಈಗ? ನೀನ್ ಬೆಳೆದಂಗೆ ಅದೂ ಬೆಳೀತಾ ಇರ್ಬೇಕು."

ನಾನೂ ನಗುತ್ತಿದ್ದೆ. ಅವರ ಜೊತೆ ಸೇರಿ ನಾನೇ ಟಗರು ಹೇಗಿದೆ, ಎದೆ ಎಷ್ಟು ಅಗಲ ಅಂತ ಕೈ ಅಗಲಿಸಿ ತೋರಿಸುತ್ತಿದ್ದೆ.

ಇಟ್ಟಿಗೆ ಎಲ್ಲ ಮುಗಿದು ನೆಲಕ್ಕೆ ಬಂದೆ. ಅದಾದ ಮೇಲೆ ಬರೀ ಕಬ್ಬಿಣದ ರಾಡು ಹೆಗಲ ಮೇಲೆ. ಆಮೇಲೆ ಭಾರ. ಆಮೇಲೆ ಒಂದೇ ಕಾಲಿನಲ್ಲಿ ನಿಲ್ಲುವುದು, ಪಕ್ಕಕ್ಕೆ ಹೆಜ್ಜೆ ಹಾಕುವುದು. ಹೊತ್ತು ಹೋಗುತ್ತಲೇ ಇತ್ತು. ಒಂದು ವರ್ಷ ಕಳೆಯಿತು, ಎರಡನೆಯದೂ ಬಂತು. ಮತ್ತೆ ಸಿಮೆಂಟ್ ಮೂಟೆ ಹೊರಲು ಶುರು ಮಾಡಿದೆ. ಮಂಡಿ ಮಳೆ ಬಂದಾಗ ಸ್ವಲ್ಪ ಹಿಡಿಯುತ್ತಿತ್ತು, ಅಷ್ಟೆ. ಅತ್ತಿಗೆ ದಿನಾ ನನಗೆ ಮೊಟ್ಟೆ ಬೇಯಿಸಿಡುತ್ತಿದ್ದರು. ಅಣ್ಣನ ತಟ್ಟೆಯಲ್ಲಿ ಮೊಟ್ಟೆ ಇರುತ್ತಿರಲಿಲ್ಲ. ಅದನ್ನು ನಾನು ಗಮನಿಸಿದ್ದು ತುಂಬ ತಡವಾಗಿ. ಗಮನಿಸಿದ ಮೇಲೂ ತಿನ್ನುತ್ತಿದ್ದೆ.

ಜಿಮ್ಮಿನಿಂದ ಮನೆಗೆ ಹೋದರೆ ಅಣ್ಣ ಒಂದೇ ಮಾತು ಕೇಳುತ್ತಿದ್ದ.

"ಹೆಂಗೈತೆ?"

"ಚೆನ್ನಾಗೈತೆ ಅಣ್ಣ."

"ಅವಸರ ಮಾಡಬ್ಯಾಡ."

ಪ್ರತಿ ಸಲವೂ ಇದೇ. ನನ್ನ ಮೇಲಿನ ಪ್ರೀತಿಗೆ ಹಾಗೆ ಹೇಳುತ್ತಾನೆ ಅಂದುಕೊಂಡಿದ್ದೆ. ಪ್ರೀತಿ ಇರಲಿಲ್ಲ ಅಂತಲ್ಲ. ಒಂದು ಸಲ ಅತ್ತಿಗೆ ಹಟ್ಟಿಯಲ್ಲಿ ಹಿಕ್ಕೆ ಬಳಿಯುತ್ತಾ ಆ ಮಾತಿನ ಇನ್ನೊಂದರ್ಧ ಹೇಳಿದರು.

"ಹೋದ್ ಸಲ ಈ ಟಗರಿಂದ ಬಿದ್ದವೆಲ್ಲ ಹೆಣ್ಣು ಮರಿ. ಒಂದೇ ಒಂದು ಒಳ್ಳೆ ಗಂಡುಮರಿ ಬಿದ್ದಿತ್ತು, ಅದೂ ಹೊಟ್ಟೆ ಉಬ್ಬಿ ಸತ್ತೋಯ್ತು. ಬೀಜಕ್ಕೆ ಒಂದ್ ಗಂಡುಮರಿ ನಿಲ್ಲಿಸ್ಕಂಬೇಕು ಅಂತ ನಿಮ್ಮಣ್ಣ ಕಾಯ್ತಾ ಅವ್ನೆ."

"ನನಗೆ ಹೇಳಲೇ ಇಲ್ಲ."

"ನಿನಗೆಂಗೆ ಹೇಳ್ತಾನಪ್ಪ? ಕಾಲು ವಾಸಿ ಮಾಡ್ಕಬ್ಯಾಡ ಅಂತನಾ?"

ನಾನು ಅವತ್ತು ಜಿಮ್ಮಿಗೆ ಹೋಗಲಿಲ್ಲ. ಮಾರನೆಯ ದಿನ ಹೋದೆ.

ಬೇಸಿಗೆಯ ಕೊನೆಗೆ ಅಣ್ಣನೇ ಬಾಯಿ ಬಿಟ್ಟ. ಕೆರೆ ಏರಿ ಮೇಲೆ ಕುರಿ ಬಿಟ್ಟುಕೊಂಡು ಕುಳಿತಿದ್ದ. ನಾನು ಊಟ ತೆಗೆದುಕೊಂಡು ಹೋಗಿದ್ದೆ. ಅವನು ಮುದ್ದೆ ಮುರಿಯುತ್ತಾ, ನನ್ನ ಮುಖ ನೋಡದೆ ಹೇಳಿದ.

"ಮಳೆ ಬಿದ್ರೆ ಕುರಿ ಬೆದೆಗೆ ಬರ್ತವೆ. ದೀಪಾವಳಿ ಆಸುಪಾಸು ಮರಿ ಬೀಳ್ತವೆ. ಒಂದ್ ಗಂಡುಮರಿ ನಿಂತ್ಕಳ್ಳಲಿ. ಆಮೇಲೆ ಆಡು. ಆಗ್ತೈತಾ?"

ಅವನು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಆಯ್ತಣ್ಣ," ಅಂದೆ. "ಅಲ್ಲಿಗಂಟ ಬರೀ ಜಿಮ್ಮು. ಅಂಕಣದ ಕಡೆ ಹೋಗಲ್ಲ."

"ಜಿಮ್ ಮಾಡು. ಅದಕ್ಕೇನು."

ಅವನ ಮುಖ ಹಗುರಾಯಿತು. ಸಾರಿನಲ್ಲಿದ್ದ ಬದನೆಕಾಯಿ ಹೋಳನ್ನು ನನ್ನ ಕೈಗೆ ಹಾಕಿದ. ನಾನು ಮಾತು ಕೊಡುವಾಗ ನಿಜವಾಗಿಯೂ ಕೊಟ್ಟೆ. ಮೋಸ ಮಾಡಬೇಕು ಅಂತ ಇರಲಿಲ್ಲ.

ಮಳೆ ಆ ವರ್ಷ ತಡವಾಯಿತು. ಅಷ್ಟರಲ್ಲಿ ಹೊಸದುರ್ಗದಲ್ಲಿ ಮತ್ತೆ ಟೂರ್ನಮೆಂಟ್ ಇಟ್ಟರು. ನಮ್ಮ ತಂಡದವರು, "ಸುಮ್ನೆ ಬಾರೋ, ಬೆಂಚಲ್ಲಿ ಕುಂತ್ಕ, ಕೂಗು," ಅಂದರು. ಸುಮ್ಮನೆ ನೋಡಿ ಬರುತ್ತೇನೆ ಅಂತ ಮನೆಯಲ್ಲಿ ಹೇಳಿದೆ. ಅಣ್ಣ, "ಹೋಗ್ ಬಾ," ಅಂದ. ನಾನು ಪ್ಯಾಂಟಿನ ಒಳಗೆ ಆಟದ ಚಡ್ಡಿ ಹಾಕಿಕೊಂಡೇ ಹೊರಟೆ. ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಯಾರು ಕೇಳುತ್ತಾರೆ ಒಳಗಿನ ಚಡ್ಡಿಯನ್ನು.

ಮೊದಲ ಅರ್ಧ ಮುಗಿಯುವ ಹೊತ್ತಿಗೆ ನಮ್ಮ ಬಲ ಕಾರ್ನರ್ ಹುಡುಗನಿಗೆ ಹೆಬ್ಬೆರಳು ತಿರುಚಿತು. ಕ್ಯಾಪ್ಟನ್ ನನ್ನ ಕಡೆ ನೋಡಿದ. ಆಡು ಅಂತ ಹೇಳಲಿಲ್ಲ. ಬೇರೆ ಹುಡುಗರು ಇದ್ದರು, ಅವರಲ್ಲಿ ಒಬ್ಬ ಎದ್ದೂ ನಿಂತಿದ್ದ. ನಾನು ಪ್ಯಾಂಟ್ ಬಿಚ್ಚಿದೆ.

"ಲೇ, ಆಗ್ತೈತಾ?" ಕ್ಯಾಪ್ಟನ್ ಕೇಳಿದ.

"ಆಗ್ತೈತೆ."

"ಮನೇಲಿ?"

"ಆಡಾಣ ಬಾರೋ."

ಗೆರೆ ದಾಟುವಾಗ ಅಣ್ಣ ನೆನಪಿಗೆ ಬಂದ. ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ನೆನಪಿಗೆ ಬಂದ, ನಾನು ದಾಟಿದೆ. ಎರಡು ವರ್ಷಕ್ಕೂ ಮೇಲೆ ಟವೆಲ್ ಒತ್ತಿದ್ದೆ, ಇಟ್ಟಿಗೆ ಮೇಲೆ ಕೂತು ಎದ್ದಿದ್ದೆ. ಆ ಕಾಲು ಏನು ಮಾಡುತ್ತದೆ ಅಂತ ನನಗೆ ನೋಡಬೇಕಿತ್ತು. ಎರಡನೇ ರೈಡಿಗೆ ಅವರ ಎತ್ತರದ ಹುಡುಗ ನನ್ನ ಕಡೆಗೇ ಬಂದ. ಕುಂಟ ಅಂತ ಯಾರೋ ಹೇಳಿರಬೇಕು. ಕಾಲು ಚಾಚಿದ. ಕಣಕಾಲು ಹಿಡಿದು ಕೂತೆ. ಮೇಲೆ ಜನ ಬಿದ್ದರು. ಮಂಡಿ ಅಲ್ಲಾಡಲಿಲ್ಲ. ಎದ್ದು ನಿಂತಾಗ ಅಳು ಬಂತು. ಯಾಕೆ ಬಂತು ಅಂತ ಕೇಳಿದರೆ ಖುಷಿಗೆ ಅಂತಲೇ ಹೇಳಬೇಕು. ಆ ಹೊತ್ತಿಗೆ ನನಗೆ ಬೇರೆ ಏನೂ ಇರಲಿಲ್ಲ.

ಪಂದ್ಯ ಸೋತೆವು.

ನಾನು ಬಸ್ ಇಳಿದು ಮನೆಗೆ ಬರುವ ಮೊದಲೇ ನನ್ನ ಆಟ ಮನೆಗೆ ಬಂದಿತ್ತು. ಯಾರೋ ಫೋನಿನಲ್ಲಿ ತೆಗೆದು ಸ್ಟೇಟಸ್ ಹಾಕಿದ್ದರು. ಪಕ್ಕದ ಮನೆಯವರು ಅವ್ವನಿಗೆ ತೋರಿಸಿದ್ದರು. ಅವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನ ಮಂಡಿಗೆ ದೃಷ್ಟಿ ತೆಗೆದು, ಟಗರಿಗೆ ಅರಿಶಿಣ ನೀರು ಹಾಕಲು ಹಟ್ಟಿ ಕಡೆ ಓಡಿದಳು. ಅವಳನ್ನು ಅಷ್ಟು ಖುಷಿಯಲ್ಲಿ ನೋಡಿ ಎಷ್ಟೋ ದಿನ ಆಗಿತ್ತು.

ಅಣ್ಣ ಜಗಲಿ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದ.

"ಅಣ್ಣ," ಅಂದೆ.

"ನೋಡ್ದೆ. ಚೆನ್ನಾಗಿ ಹಿಡಿದೆ."

"ಒಬ್ಬನಿಗೆ ಪೆಟ್ಟಾಯ್ತು. ಅದಕ್ಕೆ."

"ಗೊತ್ತಾಯ್ತು. ಕೈಕಾಲ್ ತೊಳ್ಕ, ಉಣ್ಣು."

ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಎರಡು ವರ್ಷ ನನ್ನದೂ ಹೋಗಿದೆ, ನಿನಗೆ ಕುರಿ ದೊಡ್ಡದಾ ತಮ್ಮ ದೊಡ್ಡವನಾ, ಹೀಗೆಲ್ಲ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಅವನು ಬೈಯಲಿಲ್ಲ. ಹಾಗಾಗಿ ಅದೆಲ್ಲ ನನ್ನ ಹತ್ತಿರವೇ ಉಳಿಯಿತು.

ಊರಾಚೆ ಬೇವಿನ ಮರದ ಕೆಳಗೆ ನಮ್ಮ ಮನೆದೇವರ ಕಟ್ಟೆ ಇದೆ. ಒಂದು ಮಂಗಳವಾರ ಅಲ್ಲಿ ಸೇರಿದೆವು. ಜಿಮ್ಮಿನ ಹುಡುಗರು ಎರಡು ಆಟೋ ತುಂಬ ಬಂದರು. ಭಾಯ್ ಕೂಡ ಬಂದರು. ನಮ್ಮ ಕಡೆ ಕುಯ್ದದ್ದನ್ನು ಅವರು ತಿನ್ನುವುದಿಲ್ಲ, ಅತ್ತಿಗೆ ಅವರಿಗೆ ಬೇರೆ ಅನ್ನ ಮೊಸರು ಇಟ್ಟಿದ್ದರು. ಒಲೆ ಹೂಡಿ, ಈರುಳ್ಳಿ ಹೆಚ್ಚಿ, ಮಸಾಲೆ ಅರೆದು ಎಲ್ಲ ತಯಾರಿತ್ತು.

ನಮ್ಮಲ್ಲಿ ಟಗರನ್ನು ಸುಮ್ಮನೆ ಕುಯ್ಯುವುದಿಲ್ಲ. ಪೂಜಾರಿ ಅದರ ಬೆನ್ನ ಮೇಲೆ, ತಲೆಯ ಮೇಲೆ ನೀರು ಹಾಕುತ್ತಾನೆ. ಟಗರು ಮೈ ಒದರಬೇಕು. ಒದರಿದರೆ ದೇವರು ಒಪ್ಪಿದ ಹಾಗೆ. ಒದರದಿದ್ದರೆ ಕಾಯಬೇಕು. ಎಷ್ಟು ಕಾದರೂ ಒದರಲಿಲ್ಲ ಅಂದರೆ, ಹರಕೆ ಯಾರ ಸಲುವಾಗಿ ಇದೆಯೋ ಅವರು "ಬಿಟ್ಟೆ" ಅನ್ನಬಹುದು. ಆಗ ಅದು ದೇವರ ಟಗರು. ಕುಯ್ಯುವ ಹಾಗಿಲ್ಲ, ಸಾಯುವವರೆಗೂ ಮಂದೆಯಲ್ಲೇ ಇರುತ್ತದೆ. ನಮ್ಮ ಅಜ್ಜನ ಕಾಲದಲ್ಲಿ ಹಾಗೆ ಒಂದನ್ನು ಬಿಟ್ಟಿದ್ದರಂತೆ.

ಪೂಜಾರಿ ನೀರು ಹಾಕಿದ. ಟಗರು ಸುಮ್ಮನೆ ನಿಂತಿತ್ತು. ಮತ್ತೆ ಹಾಕಿದ. ನೀರು ಮೈಮೇಲೆ ಇಳಿದು ನೆಲಕ್ಕೆ ಹೋಯಿತು. ಹಿರಿಮಗ ಹಗ್ಗ ಹಿಡಿಯಬೇಕು, ಅಣ್ಣ ಹಿಡಿದಿದ್ದ. ಟಗರು ಅವನ ತೊಡೆಗೆ ಒರಗಿಕೊಂಡು ಬೇವಿನ ಎಲೆ ಮೇಯುತ್ತಿತ್ತು.

ಹೊತ್ತು ಹೋಯಿತು. ಬಿಸಿಲೇರಿತು. ಹಿಂದೆ ಹುಡುಗರು ಪಿಸುಗುಡುತ್ತಿದ್ದರು.

"ಇದಕ್ಕೂ ಲಿಗಮೆಂಟ್ ಹೋಗೈತೇನ್ಲೇ, ಅಲ್ಲಾಡ್ತಾನೇ ಇಲ್ಲ."

"ಸುಮ್ನಿರೋ, ದೇವ್ರು ಕೇಳ್ತೈತೆ."

ಪೂಜಾರಿ ವಯಸ್ಸಾದವನು. ಚೊಂಬು ಕೆಳಗಿಟ್ಟು ಎಲ್ಲರ ಮುಖ ನೋಡಿದ. "ಯಾರ ಮನಸ್ನಾಗೋ ಏನೋ ಐತೆ. ಇದ್ರೆ ಬಾಯ್ ಬಿಟ್ಟು ಹೇಳ್ರಿ," ಅಂದ. ಅವ್ವ ಕಟ್ಟೆಗೆ ಅಡ್ಡಬಿದ್ದು ತಪ್ಪಾಯಿತು ತಪ್ಪಾಯಿತು ಅಂದಳು. ಅವಳದೇನು ತಪ್ಪು. ಪೂಜಾರಿ ನನ್ನ ಕಡೆ ತಿರುಗಿದ.

"ಏನಪ್ಪ, ನಿನ್ ಸಲುವಾಗಿ ಹೊತ್ತ ಹರಕೆ. ಕಾಯಾಣ ಅಂದ್ರೆ ಕಾಯಾಣ. ಬಿಡ್ತೀನಿ ಅಂದ್ರೆ ಬಿಡು. ಎರಡೂ ಐತೆ."

ಎಲ್ಲರೂ ನನ್ನನ್ನು ನೋಡಿದರು. ಒಂದು ಮಾತು ಸಾಕಿತ್ತು. ಅಂದಿದ್ದರೆ ದೇವರಿಗೂ ಆಗುತ್ತಿತ್ತು, ಅವ್ವನಿಗೂ ಆಗುತ್ತಿತ್ತು, ಅಣ್ಣನಿಗೆ ಟಗರು ಉಳಿಯುತ್ತಿತ್ತು. ಹುಡುಗರು ಎರಡು ದಿನ ಬೈದುಕೊಳ್ಳುತ್ತಿದ್ದರು.

ನನಗೆ ಹೆದರಿಕೆಯಾಯಿತು. ನನ್ನ ಮಂಡಿಯನ್ನು ಡಾಕ್ಟರು ಹೊಲಿದದ್ದು, ಭಾಯ್ ಇಟ್ಟಿಗೆ ಇಟ್ಟು ಎಬ್ಬಿಸಿದ್ದು, ನಾನು ಬೆವರು ಸುರಿಸಿದ್ದು ಎಲ್ಲ ಗೊತ್ತು. ಆದರೂ ಕಟ್ಟೆಯ ಮುಂದೆ ನಿಂತಾಗ, ಹರಕೆ ಬಿಟ್ಟು ನಾಳೆ ಅಂಕಣದಲ್ಲಿ ಮಂಡಿ ಮತ್ತೆ ಜಾರಿದರೆ ಏನು ಮಾಡಲಿ ಅನ್ನಿಸಿತು. ಮತ್ತೆ ಆ ಚಾಪೆ, ಆ ಟವೆಲ್. ಮುಂದಿನ ತಿಂಗಳು ಚಿತ್ರದುರ್ಗದಲ್ಲಿ ಪಂದ್ಯ ಇತ್ತು.

"ಕಾಯಾಣ," ಅಂದೆ.

ಅಣ್ಣ ನನ್ನ ಮುಖ ನೋಡಿದ. ಸಿಟ್ಟಿನಿಂದಲ್ಲ. ನಾನು ಇನ್ನೇನಾದರೂ ಹೇಳುತ್ತೇನಾ ಅಂತ ನೋಡುವವನ ಹಾಗೆ. ನಾನು ಹೇಳಲಿಲ್ಲ. ಅವನು ಬಗ್ಗಿ ಚೊಂಬಿನಿಂದ ಬೊಗಸೆ ನೀರು ತೆಗೆದುಕೊಂಡ. ಟಗರಿನ ಕತ್ತು ತಬ್ಬಿ ಹಿಡಿದು, ನೀರನ್ನು ನಿಧಾನಕ್ಕೆ ಅದರ ಕಿವಿಯೊಳಗೆ ಬಿಟ್ಟ.

ಟಗರು ಕೊಂಬಿನಿಂದ ಬಾಲದವರೆಗೆ ಮೈ ಒದರಿತು. ನೀರು ನಮ್ಮೆಲ್ಲರ ಮೇಲೂ ಸಿಡಿಯಿತು. ಹಿಂದೆ ಹುಡುಗರು ಹೋ ಅಂದರು. ಅವ್ವ ಕೈ ಮುಗಿದಳು.

ಕಿವಿಗೆ ನೀರು ಹೋದರೆ ಯಾವ ಕುರಿಯಾದರೂ ಮೈ ಒದರುತ್ತದೆ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ಎಲ್ಲರಿಗೂ ಅದು ಗೊತ್ತು, ನನಗೂ ಗೊತ್ತು. ಅಷ್ಟು ಹೊತ್ತು ಅಣ್ಣ ಸುಮ್ಮನೆ ಹಗ್ಗ ಹಿಡಿದು ನಿಂತಿದ್ದ. ಅವನು ಕಾದದ್ದು ಟಗರಿಗಲ್ಲ, ನನ್ನ ಬಾಯಿಗೆ.

ಊಟಕ್ಕೆ ಕೂತೆವು. ಹರಕೆಯವನಿಗೆ ತೊಡೆಯ ಕಡೆಯ ತುಂಡು ಹಾಕಬೇಕು ಅಂತ ಅವ್ವ ಹುಡುಕಿ ಹುಡುಕಿ ಹಾಕಿದಳು. ತಿಂದೆ. ಚೆನ್ನಾಗಿತ್ತು. ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಇಳಿಯಿತು. ಇನ್ನೊಂದು ಸಲವೂ ಹಾಕಿಸಿಕೊಂಡೆ. ಅಣ್ಣ ಬಡಿಸುತ್ತಿದ್ದ. ಹಿರಿಮಗ ಕೊನೆಗೆ ಉಣ್ಣಬೇಕು. ಅವನು ಉಂಡದ್ದನ್ನು ನಾನು ನೋಡಲಿಲ್ಲ, ಅಷ್ಟೊತ್ತಿಗೆ ಹುಡುಗರನ್ನು ಆಟೋ ಹತ್ತಿಸಲು ಹೋಗಿದ್ದೆ. ಭಾಯ್ ಹತ್ತುವ ಮೊದಲು ನನ್ನ ಕಾಲು ನೋಡಿ, "ಮುಂದಿನ ವಾರದಿಂದ ಎಡಗಾಲು ನೋಡಾಣ. ಬಲಗಾಲಿನ ಗಲಾಟೇಲಿ ಅದು ಹಿಂದೆ ಬಿದ್ದೈತೆ," ಅಂದರು.

ಮಳೆ ಬಂತು. ಕುರಿ ಬೆದೆಗೆ ಬಂದವು. ಮಂದೆಯಲ್ಲಿ ಟಗರಿರಲಿಲ್ಲ. ಅಣ್ಣ ಪಕ್ಕದ ಊರಿನವರ ಟಗರನ್ನು ಕೇಳಿ ತಂದು ಬಿಟ್ಟ. ಅದರ ಮರಿಗಳು ದೀಪಾವಳಿ ಕಳೆದು ಬಿದ್ದವು. ಮರಿಗಳಿಗೇನೂ ಆಗಿಲ್ಲ, ಚೆನ್ನಾಗೇ ಇವೆ. ಆದರೆ ಅಣ್ಣ ಅವುಗಳ ಕಾಲು ಹಿಡಿದು ನೋಡಿ ಬಿಟ್ಟುಬಿಡುತ್ತಾನೆ. ನಾನು ಈಗ ಎಲ್ಲ ಟೂರ್ನಮೆಂಟಿಗೂ ಹೋಗುತ್ತೇನೆ. ಮೊದಲಿಗಿಂತ ಗಟ್ಟಿ ಆಡುತ್ತಿದ್ದೇನೆ ಅಂತ ಜನ ಹೇಳುತ್ತಾರೆ. ಜಿಮ್ಮಿನಲ್ಲಿ ಹೊಸದಾಗಿ ಕಾಲು ಮುರಿದುಕೊಂಡು ಬಂದವರಿಗೆ ಭಾಯ್ ನನ್ನನ್ನೇ ತೋರಿಸುತ್ತಾರೆ. "ಇವನನ್ನ ನೋಡ್ರಿ, ಟವೆಲ್ ಒತ್ತಿ ಒತ್ತಿ ಹಿಂಗಾದ." ಅವರೆಲ್ಲ ನನ್ನನ್ನು ನೋಡುವಾಗ ನನಗೆ ನಿಲ್ಲಲು ಆಗುವುದಿಲ್ಲ, ಏನೋ ಕೆಲಸ ಇದ್ದವನ ಹಾಗೆ ಹೊರಗೆ ಹೋಗುತ್ತೇನೆ.

ಹೋದ ತಿಂಗಳು ಅಣ್ಣ, "ಹಿರಿಯೂರು ಸಂತೆಗೆ ಹೋಗಾಣ ಬಾ, ಟಗರು ನೋಡ್ಬೇಕು," ಅಂದ. ನನಗೆ ಕುರಿ ನೋಡಲು ಬರುವುದಿಲ್ಲ, ಅದು ಅವನಿಗೂ ಗೊತ್ತು. ಹೋದೆ. ಸಂತೆಯಲ್ಲಿ ಅವನು ಒಂದೊಂದರ ಬಾಯಿ ಬಿಡಿಸಿ ಹಲ್ಲು ನೋಡಿದ, ಬೆನ್ನು ಒತ್ತಿದ, ಗೊರಸು ಎತ್ತಿ ನೋಡಿದ. ಮಧ್ಯಾಹ್ನದವರೆಗೆ ಒಂದೂ ಒಪ್ಪಲಿಲ್ಲ. ಕೊನೆಗೆ ಒಂದು ಕಪ್ಪು ಟಗರಿನ ಮುಂದೆ ನಿಂತ. ಮಾರುವವನು ಒಬ್ಬ ಅಜ್ಜ, ತಲೆಗೆ ಟವೆಲ್ ಸುತ್ತಿದ್ದ.

"ಎತ್ತು ನೋಡಾಣ," ಅಣ್ಣ ನನಗೆ ಹೇಳಿದ.

"ನಾನಾ?"

"ದಿನಾ ಎತ್ತಲ್ವಾ ಕಬ್ಬಿಣ. ಇದನ್ನ ಎತ್ತು."

ಅಜ್ಜ ನಕ್ಕ. "ಎತ್ತಪ್ಪ, ಒದೀತೈತೆ ಹುಷಾರು."

ನಾನು ಕುಕ್ಕರಗಾಲಲ್ಲಿ ಕೂತು, ಟಗರನ್ನು ಎರಡೂ ತೋಳಲ್ಲಿ ತಬ್ಬಿ, ಭಾಯ್ ಹೇಳಿಕೊಟ್ಟ ಹಾಗೆ ಬೆನ್ನು ನೆಟ್ಟಗಿಟ್ಟು ಎದ್ದೆ. ಅದು ಒದೆಯಿತು. ನಾನು ಅಲ್ಲಾಡಲಿಲ್ಲ. ಅಕ್ಕಪಕ್ಕದವರು ನಿಂತು ನೋಡಿದರು. ಅಣ್ಣ ನನ್ನ ಮುಖ ನೋಡುತ್ತಿದ್ದ.

"ನಮ್ಮದರಷ್ಟು ಐತಾ?"

ನಮ್ಮದನ್ನು ನಾನು ಯಾವತ್ತೂ ಎತ್ತಿ ನೋಡಿದವನಲ್ಲ. ಹರಕೆ ಹೊತ್ತ ಮೇಲೂ ಎರಡೂವರೆ ವರ್ಷ ಅದು ಹಟ್ಟಿಯಲ್ಲಿ ಇತ್ತು, ನಾನು ಅದರ ಮೈ ಮುಟ್ಟಿದ್ದೂ ಕಡಿಮೆ.

"ಗೊತ್ತಿಲ್ಲ ಅಣ್ಣ," ಅಂದೆ.

ಅವನು ಟಗರಿನ ಗೊರಸು ಒಮ್ಮೆ ಮುಟ್ಟಿ ನೋಡಿದ. ಆಮೇಲೆ ಬಗ್ಗಿ ನನ್ನ ಬಲ ಮಂಡಿಯ ಮೇಲೆ ಕೈ ಇಟ್ಟ. ಟಗರು ಇನ್ನೂ ನನ್ನ ತೋಳಲ್ಲೇ ಇತ್ತು.

"ನೋಯ್ತೈತಾ?"

"ಇಲ್ಲ."

"ಸರಿ. ಇಳಿಸು," ಅಂದು ಮುಂದಿನ ಟಗರಿನ ಕಡೆ ನಡೆದ.